ಹಾಜರಿ ಪುಸ್ತಕದ 34ನೇ ಹೆಸರು

(ನಮ್ಮ ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ, ತುಮಕೂರಿನಲ್ಲಿ ನೆಲೆಸಿರುವ ನಿವೃತ್ತ ಪ್ರೌಢಶಾಲಾ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಪೂರ್ಣ ಪಾಠ)

 



ಕಾರ್ಯದರ್ಶಿಗಳು ನನಗೆ ಫೋನ್ ಮಾಡಿದಾಗ "ಶಿಕ್ಷಣದ ಮಹತ್ವ" ಎಂಬ ವಿಷಯ ಕೊಟ್ಟರು. ನಾನು 35 ವರ್ಷ ಪಾಠ ಮಾಡಿದವಳು. ಆ ವಿಷಯದ ಮೇಲೆ ಎಷ್ಟು ಸಲ ಪ್ರಬಂಧ ಬರೆಸಿದ್ದೇನೋ ಲೆಕ್ಕವಿಲ್ಲ. ಮಕ್ಕಳು ಬರೆದದ್ದು, ನಾನು ತಿದ್ದಿದ್ದು ಎಲ್ಲವೂ ಒಂದೇ ರೀತಿ. ಶಿಕ್ಷಣ ಮುಖ್ಯವಲ್ಲ ಎಂದು ಈ ಸಭೆಯಲ್ಲಿ ಯಾರೂ ಹೇಳುವುದಿಲ್ಲ. ಹಾಗಿದ್ದರೆ ಬೆಳಗ್ಗೆ ಬಸ್ ಹತ್ತಿ ಇಲ್ಲಿಯವರೆಗೆ ಬರುತ್ತಿರಲಿಲ್ಲ. ಆದ್ದರಿಂದ ಅಪ್ಪಣೆ ಕೊಟ್ಟರೆ ಆ ವಿಷಯ ಬಿಟ್ಟು ನನ್ನ ತರಗತಿಯ ಬಗ್ಗೆ ಮಾತಾಡುತ್ತೇನೆ. ನಾನು ಪಾಠ ಮಾಡಿದ ತರಗತಿಯಲ್ಲ, ನಾನು ಕೂತು ಕಲಿತ ತರಗತಿ. ಗುಬ್ಬಿಯಲ್ಲಿ 1975ರಲ್ಲಿ ಎಸ್ಸೆಸ್ಸೆಲ್ಸಿ ಬರೆದ ನಮ್ಮ ಬ್ಯಾಚು.

ನನ್ನ ಕೈಯಲ್ಲಿ ಒಂದು ಫೋಟೋ ಇದೆ. ಹಿಂದೆ ಕೂತವರಿಗೆ ಕಾಣುವುದಿಲ್ಲ. ಕಪ್ಪು ಬಿಳುಪಿನದು, ಅಂಚೆಲ್ಲ ಹಳದಿಯಾಗಿದೆ. ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಮೇಷ್ಟ್ರುಗಳು, ಅವರ ಕಾಲ ಬಳಿ ಜಮಖಾನದ ಮೇಲೆ 6 ಜನ ಹುಡುಗಿಯರು, ಹಿಂದೆ ಬೆಂಚಿನ ಮೇಲೆ ನಿಂತ 25 ಜನ ಹುಡುಗರು. ಒಟ್ಟು 31. ಆದರೆ ಎಂಟನೇ ತರಗತಿಗೆ ನಾವು ಸೇರಿದಾಗ ಹಾಜರಿ ಪುಸ್ತಕದಲ್ಲಿ ಇದ್ದದ್ದು 38 ಹೆಸರು. ಇಂದು ನಾನು ಫೋಟೋದಲ್ಲಿ ಇರುವವರ ಬಗ್ಗೆಯೂ ಹೇಳುತ್ತೇನೆ, ಇಲ್ಲದ 7 ಜನರ ಬಗ್ಗೆಯೂ ಹೇಳುತ್ತೇನೆ.

ಆಗಿನ ಗುಬ್ಬಿ ಸಣ್ಣ ಊರು. ತೆಂಗು, ಅಡಿಕೆ, ಸಂತೆ, ರೈಲ್ವೆ ಸ್ಟೇಷನ್, ಅಷ್ಟೇ. ಹೊರಗಿನವರಿಗೆ ಗುಬ್ಬಿ ಎಂದರೆ ನಾಟಕ ಕಂಪನಿ. 1884ರಲ್ಲಿ ಹುಟ್ಟಿದ ಆ ಕಂಪನಿಯನ್ನು ನಾಡಿನ ಮನೆಮಾತು ಮಾಡಿದವರು ಗುಬ್ಬಿ ವೀರಣ್ಣನವರು. ಅವರು ತೀರಿಕೊಂಡದ್ದು 1972ರ ಅಕ್ಟೋಬರಿನಲ್ಲಿ, ನಾವು ಎಂಟನೇ ತರಗತಿಗೆ ಸೇರಿ ಕೆಲವೇ ತಿಂಗಳಾಗಿತ್ತು. ಆ ದಿನ ನಮ್ಮ ಕನ್ನಡ ಮೇಷ್ಟ್ರು ಪಾಠ ಮಾಡಲಿಲ್ಲ. ಬಾಲ್ಯದಲ್ಲೇ ಕಂಪನಿ ಸೇರಿ ಬಣ್ಣ ಹಚ್ಚಿದ ವೀರಣ್ಣನವರ ಕಥೆ ಹೇಳಿದರು. ಆ ಕಂಪನಿಯಲ್ಲಿ ಪಳಗಿದವರಲ್ಲಿ ರಾಜ್‌ಕುಮಾರ್ ಕೂಡ ಒಬ್ಬರು ಎಂದಾಗ ನಮ್ಮ ಹುಡುಗರ ಕಣ್ಣು ಅರಳಿತು. ಒಬ್ಬ ಎದ್ದು, "ಸಾರ್, ಹಂಗಾದ್ರೆ ಓದದೇನೆ ದೊಡ್ಡೋರಾಗಬೌದಲ್ಲ" ಅಂದ. ಮೇಷ್ಟ್ರು ನಕ್ಕು, "ಅವರಿಗೆ ಕಂಪನಿಯೇ ಸ್ಕೂಲಾಯ್ತು ಕಣಯ್ಯ. ನಿನ್ನ ಹತ್ರ ಯಾವ ಕಂಪನಿ ಇದೆ? ತೆಗಿ ಪುಸ್ತಕಾನ" ಅಂದರು.

ನಮ್ಮ ತರಗತಿಯಲ್ಲಿ ಎಲ್ಲ ಮನೆಯ ಮಕ್ಕಳೂ ಇದ್ದರು. ಕೊಬ್ಬರಿ ವ್ಯಾಪಾರಿಯ ಮಗ, ರೈಲ್ವೆ ನೌಕರರ ಮಗ, ಸುತ್ತಲ ಹಳ್ಳಿಗಳಿಂದ ನಡೆದು ಬರುತ್ತಿದ್ದ ರೈತರ ಮಕ್ಕಳು, ಪೂಜೆ ಮಾಡುವವರ ಮನೆಯ ಹುಡುಗ, ಕೂಲಿ ಮಾಡುವವರ ಮಗಳು, ಬೀಡಿ ಕಟ್ಟುವವರ ಮಕ್ಕಳು. ನಮ್ಮ ಅಬ್ಬಾ ದರ್ಜಿ. ಯುಗಾದಿ, ಗೌರಿ ಹಬ್ಬ, ರಂಜಾನ್ ಯಾವುದೇ ಬರಲಿ, ನಮ್ಮ ತರಗತಿಯ ಮುಕ್ಕಾಲು ಹುಡುಗರ ಅಂಗಿ ಚಡ್ಡಿ ನಮ್ಮ ಮನೆಯ ಹೊಲಿಗೆ ಯಂತ್ರದಿಂದಲೇ ಹೋಗುತ್ತಿತ್ತು. ಯಾರ ಮನೆಯಲ್ಲಿ ಆ ವರ್ಷ ಹೊಸ ಬಟ್ಟೆ ಇಲ್ಲ ಎಂಬುದು ನನಗೆ ಎಲ್ಲರಿಗಿಂತ ಮೊದಲು ತಿಳಿಯುತ್ತಿತ್ತು. ಅಬ್ಬಾ ಹೇಳಿದ್ದರು, "ಅಂಗಡೀಲಿ ನೋಡಿದ್ದನ್ನ ಸ್ಕೂಲಲ್ಲಿ ಹೇಳಬಾರದು ಬೇಟಿ." ಆ ಮಾತನ್ನು ನಾನು ತುಂಬ ಚೆನ್ನಾಗಿ ಪಾಲಿಸಿದೆ. ಎಷ್ಟು ಚೆನ್ನಾಗಿ ಎಂಬುದನ್ನು ಆಮೇಲೆ ಹೇಳುತ್ತೇನೆ.

ಮನೆಯಲ್ಲಿ ನಮ್ಮದು ದಖ್ಖನಿ ಉರ್ದು. ನನಗೆ 'ಳ' ಹೊರಳುತ್ತಿರಲಿಲ್ಲ, 'ಬಾಲೆಹಣ್ಣು' ಅನ್ನುತ್ತಿದ್ದೆ. ಹಳ್ಳಿಯ ಹುಡುಗರಿಗೆ 'ಹ' ಬರುತ್ತಿರಲಿಲ್ಲ, 'ಆಲು' ಕುಡಿಯುತ್ತಿದ್ದರು. ಒಬ್ಬರನ್ನು ನೋಡಿ ಒಬ್ಬರು ನಗುತ್ತಿದ್ದೆವು. ಕನ್ನಡ ಮೇಷ್ಟ್ರು ಒಂದು ಉಪಾಯ ಮಾಡಿದರು. ಪದ್ಯ ಓದುವಾಗ ಇಬ್ಬಿಬ್ಬರನ್ನು ನಿಲ್ಲಿಸುತ್ತಿದ್ದರು. 'ಳ' ಬಾರದವಳ ಜೊತೆ 'ಹ' ಬಾರದವನು. ಅವನು ತಪ್ಪಿದರೆ ನಾನು ತಿದ್ದಬೇಕು, ನಾನು ತಪ್ಪಿದರೆ ಅವನು. ಒಂದು ವರ್ಷದಲ್ಲಿ ಇಬ್ಬರ ನಾಲಗೆಯೂ ತಿರುಗಿತು. ಮುಂದೆ ನನ್ನ ಹೊಟ್ಟೆಪಾಡು ನಡೆದದ್ದೇ ಈ ನಾಲಗೆಯಿಂದ. ಅದನ್ನು ತಿದ್ದಿದವರಲ್ಲಿ ಅರ್ಧ ಪಾಲು ಮೇಷ್ಟ್ರದ್ದು, ಅರ್ಧ ಪಾಲು ಎಮ್ಮೆ ಮೇಯಿಸಿ ಸ್ಕೂಲಿಗೆ ಬರುತ್ತಿದ್ದ ಆ ಹುಡುಗನದ್ದು.

ಪಠ್ಯಪುಸ್ತಕವೂ ಹಾಗೆಯೇ. ಹೊಸ ಪುಸ್ತಕ ಕೊಳ್ಳುವವರು ನಾಲ್ಕೈದು ಜನ. ಉಳಿದವರು ಹಿಂದಿನ ವರ್ಷದವರಿಂದ ಅರ್ಧ ಬೆಲೆಗೆ ಕೊಳ್ಳಬೇಕು. ಅದೂ ಆಗದವರು ಮೂವರು ಸೇರಿ ಒಂದು ಪುಸ್ತಕ ಕೊಂಡು, ಹೊಲಿಗೆ ಬಿಚ್ಚಿ ಮೂರು ಭಾಗ ಮಾಡಿ, ನಮ್ಮ ಅಬ್ಬಾನ ಸೂಜಿ ದಾರದಲ್ಲಿ ಮತ್ತೆ ಹೊಲಿದುಕೊಂಡು ವಾರಕ್ಕೊಮ್ಮೆ ಅದಲು ಬದಲು ಮಾಡಿಕೊಳ್ಳುತ್ತಿದ್ದರು. ಹುಡುಗರಲ್ಲಿ ಕೆಲವರು ರಾತ್ರಿ ರೈಲ್ವೆ ಸ್ಟೇಷನ್ನಿನ ದೀಪದ ಕೆಳಗೆ ಓದುತ್ತಿದ್ದರು. ನಾವು ಹುಡುಗಿಯರು ಮನೆಯ ಸೀಮೆಎಣ್ಣೆ ಬುಡ್ಡಿಯಲ್ಲಿ.

ಒಂದು ದಿನ ಮಾತ್ರ ಎಲ್ಲರೂ ಪುಸ್ತಕ ಮುಚ್ಚಿಟ್ಟೆವು. 1975ರ ಮಾರ್ಚ್ 15, ಶನಿವಾರ. ಪರೀಕ್ಷೆ ಕತ್ತಿನವರೆಗೆ ಬಂದಿತ್ತು. ಕ್ವಾಲಾಲಂಪುರದಲ್ಲಿ ಹಾಕಿ ವಿಶ್ವಕಪ್ ಫೈನಲ್, ಭಾರತ ಮತ್ತು ಪಾಕಿಸ್ತಾನ. ನಮ್ಮ ಅಬ್ಬಾನ ಅಂಗಡಿಯಲ್ಲಿ ರೇಡಿಯೋ ಇತ್ತು. ಅಂಗಡಿಯ ಮುಂದೆ ನಮ್ಮ ತರಗತಿಯ ಹುಡುಗರೆಲ್ಲ ನೆರೆದಿದ್ದರು. ನಾನು ಒಳಗೆ ಬಾಗಿಲ ಪರದೆಯ ಹಿಂದೆ. ವೀಕ್ಷಕ ವಿವರಣೆ ಹಿಂದಿಯಲ್ಲಿ. ಹಳ್ಳಿಯ ಹುಡುಗರಿಗೆ ಅಷ್ಟು ವೇಗದ ಹಿಂದಿ ಎಲ್ಲಿ ಅರ್ಥವಾಗಬೇಕು? ನಮ್ಮ ಉರ್ದು ಮಾತಿನ ಹುಡುಗರು ಒಂದೊಂದು ವಾಕ್ಯಕ್ಕೂ ಕನ್ನಡ ಹೇಳುತ್ತಿದ್ದರು. "ಚೆಂಡು ನಮ್ಮೋರ ಹತ್ರ ಐತೆ… ಹೋತು… ಮತ್ತೆ ಬಂತು…" ಸೆಮಿಫೈನಲ್‌ನಲ್ಲಿ ಮಲೇಷ್ಯಾ ವಿರುದ್ಧ ಸೋಲಿನ ಅಂಚಿನಲ್ಲಿದ್ದಾಗ ಸಮ ಮಾಡಿದ ಗೋಲು ಅಸ್ಲಂ ಶೇರ್ ಖಾನ್ ಹೊಡೆದದ್ದು. ಫೈನಲ್‌ನ ಗೆಲುವಿನ ಗೋಲು ಧ್ಯಾನ್‌ಚಂದರ ಮಗ ಅಶೋಕ್ ಕುಮಾರ್‌ದು. 2-1ರಲ್ಲಿ ಗೆದ್ದೆವು. ಅಂಗಡಿಯ ಮುಂದೆ ಎದ್ದ ಗದ್ದಲಕ್ಕೆ ಅಬ್ಬಾನ ಕತ್ತರಿ ಬಟ್ಟೆಯ ಮೇಲೆ ಸೊಟ್ಟ ಓಡಿತು. ಅದು ಯಾರದೋ ಮದುವೆಯ ಕೋಟು. ಅಬ್ಬಾ ಬಯ್ಯಲಿಲ್ಲ, ಎಲ್ಲರಿಗೂ ಬೆಲ್ಲ ಹಂಚಿದರು.

ಆ ಸಂಜೆಯ ಗುಂಪಿನಲ್ಲಿ ಇರಬೇಕಾಗಿದ್ದು ಇಲ್ಲದವರು ಕೆಲವರಿದ್ದರು. ಈಗ ಆ 7 ಜನರ ಮಾತಿಗೆ ಬರುತ್ತೇನೆ.

ಒಬ್ಬನ ತಂದೆಗೆ ರೈಲ್ವೆಯಲ್ಲಿ ಅರಸೀಕೆರೆಗೆ ವರ್ಗವಾಯಿತು. ಅವನು ಅಲ್ಲೇ ಓದಿ ಮುಂದೆ ಬಂದ, ಅದು ನಷ್ಟವಲ್ಲ. ಒಬ್ಬ ಒಂಬತ್ತರಲ್ಲಿ ಫೇಲಾಗಿ ಹೊಲಕ್ಕೆ ಇಳಿದ. ಒಬ್ಬ ಅಪ್ಪ ತೀರಿಕೊಂಡ ಮೇಲೆ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯಲು ಕೂತ. ಒಬ್ಬ ಬೆಂಗಳೂರಿನ ಲಾರಿ ಗ್ಯಾರೇಜಿಗೆ ಹೋದ, ಹೋಗುವ ದಿನ ತನ್ನ ಪುಸ್ತಕಗಳನ್ನು ಪಕ್ಕದವನಿಗೆ ಕೊಟ್ಟು "ಬಂದ್ಮೇಲೆ ಇಸ್ಕೋತೀನಿ" ಅಂದಿದ್ದ. ಇಬ್ಬರು ಹುಡುಗಿಯರಿಗೆ ಒಂಬತ್ತನೇ ತರಗತಿಯ ಬೇಸಿಗೆ ರಜೆಯಲ್ಲಿ ಮದುವೆಯಾಯಿತು. ಏಳನೆಯವಳು ನನ್ನ ಬೆಂಚಿನ ಗೆಳತಿ. ಹಾಜರಿ ಪುಸ್ತಕದಲ್ಲಿ ನಾನು 33, ಅವಳು 34.

ಅವಳ ಹೆಸರು ಹೇಳುವುದಿಲ್ಲ. ಮನೆಯವರೆಲ್ಲ ಬೀಡಿ ಕಟ್ಟುತ್ತಿದ್ದರು. ನೀವು ನೋಡಿರುತ್ತೀರಿ, ಮಡಿಲಲ್ಲಿ ಮೊರ, ಮೊರದಲ್ಲಿ ಹೊಗೆಸೊಪ್ಪಿನ ಪುಡಿ, ತಗಡಿನ ಅಳತೆ ಇಟ್ಟು ಎಲೆ ಕತ್ತರಿಸಬೇಕು, ಸುತ್ತಬೇಕು, ತುದಿ ಮಡಚಿ ದಾರ ಕಟ್ಟಬೇಕು. 25ಕ್ಕೆ ಒಂದು ಕಟ್ಟು, 40 ಕಟ್ಟಿಗೆ ಒಂದು ಸಾವಿರ. ಅವಳು ಸ್ಕೂಲಿನಿಂದ ಹೋಗಿ ದೀಪ ಹಚ್ಚುವ ಹೊತ್ತಿನಿಂದ ಮಲಗುವವರೆಗೆ ಕಟ್ಟುತ್ತಿದ್ದಳು. ಗಣಿತದಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗುವಷ್ಟರಲ್ಲಿ ಉತ್ತರ ಹೇಳುತ್ತಿದ್ದಳು. ಎಂಟರಿಂದ ಹತ್ತರವರೆಗೆ ನಾನು ಗಣಿತದಲ್ಲಿ ಪಾಸಾದದ್ದು ಅವಳು ಹೇಳಿಕೊಟ್ಟು.

ಹತ್ತನೇ ತರಗತಿಯ ಡಿಸೆಂಬರ್. ಪರೀಕ್ಷೆ ಫೀ ಕಟ್ಟುವ ಕೊನೆಯ ದಿನಗಳು. ಇವತ್ತಿನ ಲೆಕ್ಕದಲ್ಲಿ ಅದು ಒಂದು ಪ್ಲೇಟ್ ಇಡ್ಲಿಗೂ ಸಾಲದ ದುಡ್ಡು. ಆಗ ಅದು ಅವಳ ಮನೆಗೆ ದೊಡ್ಡ ಮೊತ್ತ. ಮೇಷ್ಟ್ರು ಕೇಳಿದಾಗೆಲ್ಲ ಎದ್ದು ನಿಂತು "ನಾಳೆ ತರ್ತೀನಿ ಸಾರ್" ಅನ್ನುತ್ತಿದ್ದಳು. ಕೊನೆಯ ದಿನದ ಹಿಂದಿನ ಸಂಜೆ ದಾರಿಯಲ್ಲಿ ನನಗೆ ಹೇಳಿದಳು. ಕೂಡಿಟ್ಟಿದ್ದ ದುಡ್ಡು ತಮ್ಮನ ಜ್ವರಕ್ಕೆ ಖರ್ಚಾಗಿದೆ, ಇನ್ನು ಆಗುವುದಿಲ್ಲ. "ಯಾರಿಗೂ ಹೇಳಬೇಡ. ಅಬ್ಬಾಗೆ ಗೊತ್ತಾದರೆ ಮುಖ ಎತ್ತಿಕೊಂಡು ಓಡಾಡಲ್ಲ. ಕಸಂ ಹಾಕು." ನಾನು ಆಣೆ ಇಟ್ಟೆ.

ನನ್ನ ಹತ್ತಿರ ಆಗ ಪೌಡರ್ ಡಬ್ಬಿಯಲ್ಲಿ ಹಬ್ಬದ ಈದಿ ದುಡ್ಡು ಇತ್ತು. ಅವಳ ಫೀಗೆ ಅರ್ಧಕ್ಕಿಂತ ಹೆಚ್ಚಾಗುತ್ತಿತ್ತು. ಅದರಲ್ಲಿ ಒಂದು ಕಂಪಾಸ್ ಬಾಕ್ಸ್ ಕೊಳ್ಳಬೇಕೆಂದು ಎರಡು ತಿಂಗಳಿಂದ ಇಟ್ಟುಕೊಂಡಿದ್ದೆ. ಕೊಡಬೇಕೆಂದು ಆ ರಾತ್ರಿ ಅನಿಸಿತು. ಅರ್ಧ ಕೊಟ್ಟು ಏನಾಗುತ್ತದೆ, ಉಳಿದದ್ದಕ್ಕೆ ಅವಳು ಎಲ್ಲಿಗೆ ಹೋಗುತ್ತಾಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮರುದಿನ ಅವಳು ಸ್ಕೂಲಿಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಆಣೆ ಇಟ್ಟಿದ್ದೆನಲ್ಲ, ನಾನು ಬಾಯಿ ಬಿಡಲಿಲ್ಲ. ಅದೇ ವಾರ ಕಂಪಾಸ್ ಬಾಕ್ಸ್ ಕೊಂಡೆ.

ಜನವರಿಯಲ್ಲಿ ಗಣಿತದ ಮೇಷ್ಟ್ರು ನನ್ನನ್ನು ಕರೆದರು. "34 ಯಾಕಮ್ಮ ಬರ್ತಿಲ್ಲ? ಮೈ ಹುಷಾರಿಲ್ವಾ?" ಎಂದು ಕೇಳಿದರು. ಆಗ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನೇ ಕಟ್ತಿದ್ದೆನಲ್ಲಮ್ಮ. ಮನೆಯವರಿಗೂ ಗೊತ್ತಾಗದ ಹಾಗೆ ಕಟ್ತಿದ್ದೆ. ನಿನಗೆ ಗೊತ್ತಿತ್ತು, ಒಂದು ಮಾತು ಹೇಳಬಾರದಿತ್ತಾ?" ಅಂದರು. ಅವರು ಬಯ್ದಿದ್ದರೆ ಮರೆಯುತ್ತಿದ್ದೆನೋ ಏನೋ. ಆ ಸಂಜೆಯೇ ಸೈಕಲ್ಲಿನಲ್ಲಿ ಅವಳ ಮನೆಗೆ ಹೋಗಿ ಬಂದರು. ದಂಡ ಕಟ್ಟಿ ಫೀ ತುಂಬುವ ದಿನವೂ ಮುಗಿದಿತ್ತು.

ತಾಯಂದಿರೆ, ದಾನಿಗಳೆ, ನಾನು ಇಲ್ಲಿ ಹೇಳಬೇಕಾಗಿರುವುದು ಇಷ್ಟೇ. ನಮ್ಮ ಗುಬ್ಬಿಯಲ್ಲಿ ಆ ದಿನ ದುಡ್ಡು ಇತ್ತು. ಮೇಷ್ಟ್ರ ಜೇಬಿನಲ್ಲಿತ್ತು, ನನ್ನ ಡಬ್ಬಿಯಲ್ಲಿ ಅರ್ಧ ಇತ್ತು, ಕೇಳಿದ್ದರೆ ಕೊಬ್ಬರಿ ವ್ಯಾಪಾರಿಯ ಮನೆಯಲ್ಲೂ ಸಿಗುತ್ತಿತ್ತು. ಇಲ್ಲದೆ ಹೋದದ್ದು ಸಮಯಕ್ಕೆ ಸರಿಯಾದ ಕಿವಿಗೆ ಬೀಳಬೇಕಾದ ಒಂದು ಮಾತು.

ಪರೀಕ್ಷೆ ಬರೆದ ನಮ್ಮ 31 ಜನರಲ್ಲಿ ಮೊದಲ ಸಲಕ್ಕೇ ಪಾಸಾದವರು 14. ಪತ್ರಿಕೆಯಲ್ಲಿ ನಂಬರ್ ಬಂದಿತ್ತು. ನನ್ನದೂ ಇತ್ತು. ಆಮೇಲೆ ನಾನು ತುಮಕೂರಿಗೆ ಓದಲು ಹೋದೆ. ಮೀಟರ್‌ಗೇಜ್ ರೈಲು, ಉಗಿ ಎಂಜಿನ್, ಕಿಟಕಿ ಪಕ್ಕ ಕೂತರೆ ಕಣ್ಣಿಗೆ ಕಲ್ಲಿದ್ದಲಿನ ಕಿಡಿ. ನಮ್ಮ ಕೇರಿಯಿಂದ ಕಾಲೇಜಿಗೆ ಹೋದ ಹುಡುಗಿ ನಾನೊಬ್ಬಳೇ. ಕೇರಿಯವರು ಅಬ್ಬಾನನ್ನು ಕೇಳುತ್ತಿದ್ದರು, "ಇಷ್ಟೊಂದು ಓದಿಸಿ ಏನು ಮಾಡ್ತೀರಿ?" ಅಬ್ಬಾ, "ಹೊಲಿಯೋಕೆ ಬಟ್ಟೆ ಕೊಟ್ಟೋರು ಹಿಂಗೇ ಕೇಳ್ತಾರೆ, ಹೊಲಿದು ಮುಗಿದ ಮೇಲೆ ನೋಡಿ ಅಂತೀನಿ" ಎನ್ನುತ್ತಿದ್ದರು. ಡಿಗ್ರಿ ಆಯಿತು, ಬಿ.ಎಡ್. ಆಯಿತು. 1984ರಲ್ಲಿ ಕುಣಿಗಲ್ ತಾಲ್ಲೂಕಿನಲ್ಲಿ ಕೆಲಸ ಸಿಕ್ಕಿತು. ಕುಣಿಗಲ್ ಕೆರೆ ನಿಮಗೆಲ್ಲ ಗೊತ್ತು, ಟಿಪ್ಪು ಸುಲ್ತಾನನ ಕಾಲದಿಂದ ಬಂದ ಕುದುರೆ ಫಾರಂ ಗೊತ್ತು. ಕುದುರೆ ನೋಡಿಕೊಳ್ಳುವವರ ಮಕ್ಕಳು, ರಾಗಿ ಬೆಳೆಯುವವರ ಮಕ್ಕಳು, ಸಂತೆಯಲ್ಲಿ ಸೊಪ್ಪು ಮಾರುವವರ ಮಕ್ಕಳು ನನ್ನ ತರಗತಿಗೆ ಬಂದರು.

ಮೊದಲ ವರ್ಷದಿಂದಲೇ ನಾನು ಒಂದು ಅಭ್ಯಾಸ ಮಾಡಿಕೊಂಡೆ. ನವೆಂಬರ್ ಬಂದ ಕೂಡಲೇ ಹತ್ತನೇ ತರಗತಿಯ ಮಕ್ಕಳನ್ನು ಒಬ್ಬೊಬ್ಬರಾಗಿ ಪ್ರಯೋಗಾಲಯಕ್ಕೆ ಕರೆಯುತ್ತಿದ್ದೆ. ಮೂರು ಪ್ರಶ್ನೆ. ಫೀಗೆ ದುಡ್ಡು ಇದೆಯಾ? ಮನೆಯಲ್ಲಿ ಎಲ್ಲರೂ ಹುಷಾರಾಗಿದ್ದಾರಾ? ನಿನ್ನ ಪಕ್ಕದಲ್ಲಿ ಕೂರುವವರು ಹೇಗಿದ್ದಾರೆ? ಮೊದಲ ಎರಡಕ್ಕೆ ಎಲ್ಲ ಮಕ್ಕಳೂ "ಇದೆ ಮಿಸ್, ಚೆನ್ನಾಗಿದ್ದಾರೆ ಮಿಸ್" ಅನ್ನುತ್ತವೆ. ನಿಜ ಹೊರಗೆ ಬರುವುದು ಮೂರನೆಯದರಲ್ಲಿ. ತನ್ನ ಕಷ್ಟ ಹೇಳಲು ನಾಚುವ ಮಗು ಗೆಳೆಯನ ಕಷ್ಟ ಹೇಳುತ್ತದೆ.

ಒಬ್ಬ ಹುಡುಗ ಹೀಗೆ ಹೇಳಿದ: "ಮಿಸ್, ಅವನು ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗ್ತೀನಿ ಅಂತಾನೆ, ಹೋಗಲ್ಲ. ಕೆರೆ ಏರಿ ಮೇಲೆ ಕೂತಿದ್ದು ಬೆಲ್ ಹೊಡೆದಾಗ ವಾಪಸ್ ಬರ್ತಾನೆ." ಆಗ ಹೈಸ್ಕೂಲಿನಲ್ಲಿ ಬಿಸಿಯೂಟ ಇರಲಿಲ್ಲ, ಅದು ಎಂಟರಿಂದ ಹತ್ತನೇ ತರಗತಿಗೆ ಬಂದದ್ದು 2007ರಲ್ಲಿ. ಮಾರನೇ ದಿನದಿಂದ ಆ ಹುಡುಗನಿಗೆ "ಪ್ರಯೋಗಾಲಯದ ಗಾಜಿನ ಸಾಮಾನು ತೊಳೆಯುವ ಕೆಲಸ" ಕೊಟ್ಟೆ, ಮಧ್ಯಾಹ್ನದ ಬಿಡುವಿನಲ್ಲಿ. ನನ್ನ ಡಬ್ಬಿಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ಬರತೊಡಗಿತು. "ಉಳಿದುಬಿಡುತ್ತೆ ಕಣೋ, ತಿಂದು ಡಬ್ಬಿ ತೊಳೆದಿಡು" ಅನ್ನುತ್ತಿದ್ದೆ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಐಟಿಐ ಮಾಡಿ ಲೈನ್‌ಮ್ಯಾನ್ ಆದ. ಈಗಲೂ ಮಳೆ ಬಂದು ನಮ್ಮ ಕಡೆ ಕರೆಂಟ್ ಹೋದರೆ ಎಲ್ಲಿಂದಲೋ ಫೋನ್ ಮಾಡಿ, "ಮಿಸ್, ಕರೆಂಟ್ ಬಂತಾ?" ಎಂದು ಕೇಳುತ್ತಾನೆ.

ಎಲ್ಲವೂ ಹೀಗೆ ಒಳ್ಳೆಯದಾಗಿ ಮುಗಿಯಿತು ಎಂದರೆ ಸುಳ್ಳಾಗುತ್ತದೆ. ಒಂದು ಶಾಲೆಯಲ್ಲಿದ್ದಾಗ ಹತ್ತನೇ ತರಗತಿಯ ಹುಡುಗಿಯೊಬ್ಬಳು ಸಂಕ್ರಾಂತಿ ರಜೆ ಮುಗಿಸಿ ಮದುವೆ ಕಾರ್ಡು ಹಿಡಿದುಕೊಂಡು ಬಂದಳು, ನನ್ನನ್ನು ಕರೆಯಲು. ಅವಳಿಗೆ 15. ನಾನು ಮನೆಗೆ ಹೋದೆ, ಬೇಡಿಕೊಂಡೆ, ಕಾನೂನು ಹೇಳಿದೆ. ಕಾರ್ಡು ಹಂಚಿ ಆಗಿದೆ ಟೀಚರಮ್ಮ, ಈಗ ನಿಂತರೆ ಮರ್ಯಾದೆ ಎಲ್ಲಿ ಉಳಿಯುತ್ತದೆ ಎಂದರು. ಶಾಲೆಯ ಹಿರಿಯರು ಇದು ನಮ್ಮ ಕೆಲಸವಲ್ಲ ಎಂದರು. ಮದುವೆ ನಡೆದೇ ಹೋಯಿತು. ಅವಳ ಬೆಂಚಿನ ಹುಡುಗಿಗೆ ಈ ಸುದ್ದಿ ದಸರೆಯಿಂದಲೇ ಗೊತ್ತಿತ್ತು. ಆ ವರ್ಷ ನನಗೆ ಕೆಲಸದ ಒತ್ತಡ, ಮಕ್ಕಳನ್ನು ಕರೆದು ಕೇಳುವುದನ್ನು ಜನವರಿಗೆ ಮುಂದೂಡಿದ್ದೆ. ಮೂರು ತಿಂಗಳು ಮೊದಲು ತಿಳಿದಿದ್ದರೆ ಏನಾದರೂ ಮಾಡಬಹುದಿತ್ತೇನೋ. ಈ ತಪ್ಪೂ ನನ್ನ ಲೆಕ್ಕದಲ್ಲಿದೆ.

2025ಕ್ಕೆ ನಾವು ಎಸ್ಸೆಸ್ಸೆಲ್ಸಿ ಬರೆದು 50 ವರ್ಷವಾಯಿತು. ಗುಬ್ಬಿಯಲ್ಲಿ ಸೇರೋಣ ಎಂದು ಕೊಬ್ಬರಿ ವ್ಯಾಪಾರಿಯ ಮಗ ಎಲ್ಲರನ್ನೂ ಹುಡುಕಿದ. ಫೋಟೋದ 31 ಜನರಲ್ಲಿ 9 ಜನ ತೀರಿಕೊಂಡಿದ್ದರು. ನಾನು ಒಂದು ಮಾತು ಹೇಳಿದೆ: ಫೋಟೋದಲ್ಲಿ ಇರುವವರನ್ನು ಮಾತ್ರ ಕರೆಯಬಾರದು, ಎಂಟನೇ ತರಗತಿಯ ಹಾಜರಿಯಂತೆ ಕರೆಯಬೇಕು. ಎಲ್ಲರೂ ಒಪ್ಪಿದರು. ನನ್ನ ಬೆಂಚಿನ ಗೆಳತಿಯನ್ನು ಕರೆಯಲು ನಾನೇ ಹೋದೆ.

ಅವಳ ಕಥೆ ನನಗೆ ಗೊತ್ತಿತ್ತು. 17ಕ್ಕೆ ಮದುವೆ, ಮತ್ತೆ ಬೀಡಿ. ಮುಂದೆ ಅವಳ ಕೇರಿಗೆ ಅಂಗನವಾಡಿ ಬಂದಾಗ ಅರ್ಜಿ ಹಾಕಿದಳು. ಕಾರ್ಯಕರ್ತೆಯಾಗಲು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೇಳಿದರು. ಇರಲಿಲ್ಲ, ಸಹಾಯಕಿಯಾದಳು. ತನಗಿಂತ ಹದಿನೈದು ವರ್ಷ ಚಿಕ್ಕವರು ಕಾರ್ಯಕರ್ತೆಯಾಗಿ ಬಂದು ಹೋದರು. ಅವರ ರಿಜಿಸ್ಟರಿನ ಲೆಕ್ಕ ತಪ್ಪಿದಾಗ ಸರಿಮಾಡಿ ಕೊಡುತ್ತಿದ್ದವಳು ಇವಳು. ಸಹಿ ಅವರದು. ಒಂದು ಹಾಳೆ ಇಲ್ಲದ್ದಕ್ಕೆ ಒಬ್ಬಳು ಬುದ್ಧಿವಂತ ಹೆಣ್ಣುಮಗಳು ಜೀವನಪೂರ್ತಿ ಒಂದು ಮೆಟ್ಟಿಲು ಕೆಳಗೇ ನಿಲ್ಲಬೇಕಾಯಿತು. ಆದರೆ ಮೂರು ಹೆಣ್ಣುಮಕ್ಕಳನ್ನೂ ಎಸ್ಸೆಸ್ಸೆಲ್ಸಿ ದಾಟಿಸಿದಳು. ಒಬ್ಬಳು ನರ್ಸ್.

"ನಾನು ಪರೀಕ್ಷೇನೇ ಬರೆದಿಲ್ಲ, ನಾನು ಯಾವ ಬ್ಯಾಚು?" ಅಂದಳು. "ಹಾಜರಿಯಲ್ಲಿ ಇದ್ದೀಯ, ಬಾ" ಎಂದು ಕರೆದುಕೊಂಡು ಹೋದೆ. ಅಂದು ಸೇರಿದವರು 17 ಜನ, ಅದರಲ್ಲಿ ಮೂವರು ಫೋಟೋದಲ್ಲಿ ಇಲ್ಲದವರು. ಯಾರೋ ತಮಾಷೆಗೆ ಹಾಜರಿ ಕರೆಯಲು ಶುರು ಮಾಡಿದರು. ಒಂದು, ಎರಡು, ಮೂರು. ತೀರಿಕೊಂಡವರ ನಂಬರ್ ಬಂದಾಗ ಎಲ್ಲರೂ ಸುಮ್ಮನಿರುತ್ತಿದ್ದೆವು. 33 ಅಂದಾಗ ನಾನು "ಹಾಜರ್ ಸಾರ್" ಅಂದೆ. 34 ಅಂದಾಗ ಅವಳು ಎದ್ದು ನಿಂತಳು. ಬಾಯಿಂದ ಮಾತು ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಮೆಲ್ಲಗೆ, "ಹಾಜರ್" ಅಂದಳು.

ಊಟವಾದ ಮೇಲೆ ಇಬ್ಬರೇ ಕೂತಾಗ 50 ವರ್ಷದಿಂದ ಇಟ್ಟುಕೊಂಡಿದ್ದ ಪೌಡರ್ ಡಬ್ಬಿಯ ಮಾತು ಹೇಳಿದೆ. ಕಂಪಾಸ್ ಬಾಕ್ಸಿನ ಮಾತೂ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು. "ನೀನು ದುಡ್ಡು ಕೊಡ್ತೀಯ ಅಂತ ನಾನು ಅಂದುಕೊಂಡೇ ಇರಲಿಲ್ಲ. ಆದ್ರೆ ಒಂದು ಹೇಳ್ತೀನಿ. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡೆನಲ್ಲ, ಮನೆಗೆ ಹೋಗಿ ರಾತ್ರಿಯೆಲ್ಲ ನೀನು ಮೇಷ್ಟ್ರಿಗೆ ಹೇಳಿಬಿಡಲಿ ಅಂತ ದುವಾ ಮಾಡ್ತಿದ್ದೆ." ಆಮೇಲೆ ನಕ್ಕಳು. "ಈಗ ವರ್ಷಕ್ಕೆ ಮೂರು ಸಲ ಪರೀಕ್ಷೆ ಇಡ್ತಾರಂತಲ್ಲ. ನಮ್ಮ ಕಾಲಕ್ಕೆ ನನಗೆ ಒಂದೂ ಸಿಗಲಿಲ್ಲ ನೋಡು."

ಹೌದು, 2025ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಇತ್ತು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. 2017ರಿಂದ ಕುಣಿಗಲ್‌ಗೆ ಬೆಂಗಳೂರಿನ ರೈಲು ಬಂದಿದೆ. ನಮ್ಮ ಗುಬ್ಬಿ ತಾಲ್ಲೂಕಿನಲ್ಲೇ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಗಿದೆ. ಒಂದು ಕಾಲದಲ್ಲಿ ರೈಲು ನೋಡಲು ಓಡುತ್ತಿದ್ದ ಊರಿನ ಮಕ್ಕಳು ಈಗ ಹೆಲಿಕಾಪ್ಟರ್ ಕಟ್ಟುವ ಕೆಲಸಕ್ಕೆ ಹೋಗಬಹುದು. ಬಾಗಿಲು ಹೆಚ್ಚಿವೆ. ಆದರೆ ಹತ್ತಿರ ಹೋದರೆ ಈಗಲೂ ಮೊದಲು ಕೇಳುವುದು ಆ ಒಂದು ಹಾಳೆಯನ್ನೇ. ಜನ್ಮ ದಿನಾಂಕಕ್ಕೂ ಅದೇ, ಐಟಿಐಗೂ ಅದೇ.

ಆದ್ದರಿಂದ ನನ್ನ ಕೆಲವು ವಿನಂತಿಗಳು. ಮೇಷ್ಟ್ರುಗಿರಿ ಬಿಟ್ಟಿದ್ದರೂ ಹೇಳುವ ಚಾಳಿ ಹೋಗಿಲ್ಲ, ಕ್ಷಮಿಸಿ.

ಪೋಷಕರಿಗೆ: ಕಾಯ್ದೆಯ ಪ್ರಕಾರ 14 ವರ್ಷದವರೆಗೆ, ಎಂಟನೇ ತರಗತಿಯವರೆಗೆ ಶಿಕ್ಷಣ ಉಚಿತ. ಮಕ್ಕಳು ಜಾರುವುದು ಅದರ ನಂತರದ ಮೆಟ್ಟಿಲಲ್ಲಿ. ಅಲ್ಪಸಂಖ್ಯಾತ ಮಕ್ಕಳ ಕೇಂದ್ರದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ಮೊದಲು ಒಂದನೇ ತರಗತಿಯಿಂದ ಇತ್ತು, 2022-23ರಿಂದ ಅದನ್ನು 9 ಮತ್ತು 10ನೇ ತರಗತಿಗೆ ಮಾತ್ರ ಸೀಮಿತ ಮಾಡಿದರು. ಸಣ್ಣ ತರಗತಿಯ ಮಕ್ಕಳ ಖರ್ಚು ಈಗ ಮನೆಯ ಮೇಲೇ ಬಿದ್ದಿದೆ, ಹಾಗಾಗಿ ಟ್ರಸ್ಟಿನ ಹಣಕ್ಕೆ ಬೇಡಿಕೆ ಹೆಚ್ಚುತ್ತದೆ. ಜೂನ್ ತಿಂಗಳಲ್ಲೇ ಕಾಗದ ಪತ್ರ ಜೋಡಿಸಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಶಾಲೆಯ ದಾಖಲೆ ಮೂರರಲ್ಲೂ ಮಗುವಿನ ಹೆಸರಿನ ಅಕ್ಷರ ಒಂದೇ ಇರಲಿ. ಒಂದು ಅಕ್ಷರದ ವ್ಯತ್ಯಾಸಕ್ಕೆ ಹಣ ನಿಂತುಹೋದದ್ದನ್ನು ನಾನು ನೋಡಿದ್ದೇನೆ. ಕಷ್ಟವಿದ್ದರೆ ಶಿಕ್ಷಕರಿಗೆ ಹೇಳಿ. ಮಗುವಿನ ಫೀಗಾಗಿ ಮಾತಾಡಿದರೆ ಮರ್ಯಾದೆ ಹೋಗುವುದಿಲ್ಲ.

ದಾನಿಗಳಿಗೆ: ನೀವು ಕೊಡುವ ಹಣ ದೊಡ್ಡದು. ಅದು ಯಾವಾಗ ತಲುಪುತ್ತದೆ ಎಂಬುದು ಅದಕ್ಕಿಂತ ದೊಡ್ಡದು. ಡಿಸೆಂಬರಿನಲ್ಲಿ ಬೇಕಾದ ಹಣ ಫೆಬ್ರವರಿಯಲ್ಲಿ ಬಂದರೆ ಅದು ಬರಲಿಲ್ಲ ಎಂದೇ ಲೆಕ್ಕ. ಇನ್ನೊಂದು ಮಾತು. ಇಲ್ಲೇ ಪಕ್ಕದಲ್ಲಿ ಸಿದ್ಧಗಂಗೆ ಇದೆ. 2019ರಲ್ಲಿ ನಮ್ಮನ್ನು ಅಗಲಿದ ಶಿವಕುಮಾರ ಸ್ವಾಮೀಜಿಯವರು ಯಾವ ಜಾತಿ, ಯಾವ ಮತ ಎಂದು ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು. ಪಂಕ್ತಿಯಲ್ಲಿ ಕೂತ ಮಗುವಿಗೆ ತಾನು ಬಡವ ಎಂದು ತೋರಿಸಿಕೊಳ್ಳುವ ಅಗತ್ಯ ಬೀಳುತ್ತಿರಲಿಲ್ಲ. ಚೆಕ್ ಕೊಡುವಾಗ ಫೋಟೋ ತೆಗೆಸುವುದು ಬೇಡ ಎನ್ನುವ ಮಗು ಇದ್ದರೆ ದಯವಿಟ್ಟು ಅದರ ಮಾತು ನಡೆಸಿಕೊಡಿ. ಎಡಗೈಗೆ ತಿಳಿಯದಂತೆ ಬಲಗೈ ಕೊಡುವುದು ನಮ್ಮ ಹಿರಿಯರು ಕಲಿಸಿದ ಪಾಠವೇ.

ಟ್ರಸ್ಟಿನವರಿಗೆ: ನಿಮ್ಮ ಅರ್ಜಿ ನಮೂನೆ ನೋಡಿದೆ. ತಂದೆಯ ಆದಾಯ, ಹಿಂದಿನ ವರ್ಷದ ಅಂಕ, ಖಾತೆ ನಂಬರ್ ಎಲ್ಲ ಇದೆ. ಕೊನೆಯಲ್ಲಿ ಒಂದೇ ಒಂದು ಸಾಲು ಸೇರಿಸಿ: "ನಿಮ್ಮ ತರಗತಿಯಲ್ಲಿ ನೆರವು ಬೇಕಾಗಿದ್ದು, ಅರ್ಜಿ ಹಾಕದೆ ಇರುವವರು ಯಾರಾದರೂ ಇದ್ದಾರೆಯೇ?" ಆ ಹೆಸರು ಟ್ರಸ್ಟಿನ ಕೊಠಡಿ ಬಿಟ್ಟು ಹೊರಗೆ ಹೋಗಬಾರದು. ಯಾರಾದರೂ ಒಬ್ಬರು ಹೋಗಿ ಆ ಮಗುವಿನ ಶಿಕ್ಷಕರನ್ನು ಕಂಡು ಬರಬೇಕು. ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆ ನನ್ನಂಥ ನಿವೃತ್ತರು ಇದ್ದಾರೆ, ಅವರಿಗೆ ಸಮಯವಿದೆ. ಮೊದಲ ಹೆಸರು ನನ್ನದು ಬರೆದುಕೊಳ್ಳಿ.

ಕೊನೆಯದಾಗಿ ಮಕ್ಕಳಿಗೆ. ಇಂದು ನಿಮ್ಮ ಹೆಸರು ಕರೆಯುತ್ತಾರೆ, ಬಂದು ಹಣ ತೆಗೆದುಕೊಳ್ಳುತ್ತೀರಿ, ಸಂತೋಷ. ಚೆನ್ನಾಗಿ ಓದಿ ಎಂದು ನಾನು ಬೇರೆ ಹೇಳಬೇಕಾಗಿಲ್ಲ. ಸೋಮವಾರ ತರಗತಿಗೆ ಹೋದಾಗ ಮಾತ್ರ ಪಕ್ಕ ಒಮ್ಮೆ ನೋಡಿ. ನಿಮ್ಮ ಪಕ್ಕದಲ್ಲಿ ಕೂರುವವರು ನಾಲ್ಕು ದಿನದಿಂದ ಬಂದಿಲ್ಲವೇ? ಊಟದ ಹೊತ್ತಿಗೆ ಕಾಣೆಯಾಗುತ್ತಾರೆಯೇ? ಫೀ ಕೇಳಿದಾಗ "ನಾಳೆ" ಅನ್ನುತ್ತಿದ್ದಾರೆಯೇ? ನಿಮ್ಮ ಕೈಯಲ್ಲಿ ದುಡ್ಡು ಇರಬೇಕಾಗಿಲ್ಲ. ನಂಬಿಕೆಯ ಒಬ್ಬ ಶಿಕ್ಷಕರ ಹತ್ತಿರ ಹೋಗಿ ಒಂದು ಮಾತು ಹೇಳಿ. ಗೆಳತಿ ಆಣೆ ಹಾಕಿಸಿದ್ದರೂ ಹೇಳಿ. ಆ ಪಾಪ ನನಗಿರಲಿ.

ಆ ಕಂಪಾಸ್ ಬಾಕ್ಸ್ ಇನ್ನೂ ನನ್ನ ಬೀರುವಿನಲ್ಲಿದೆ. ಮುಚ್ಚಳದ ಬಣ್ಣ ಹೋಗಿದೆ, ಒಳಗಿನ ಕೈವಾರ ಈಗಲೂ ಸರಿಯಾಗಿ ತಿರುಗುತ್ತದೆ.